ಅರವತ್ತು ಬೆಂಚು, ಎಡಗಾಲಿನ ಚಪ್ಪಲಿ

ಇದು ನಿಜವಾಗಿ ನಡೆದದ್ದು. ಒಂದಕ್ಷರ ಸುಳ್ಳಿದ್ದರೂ ನಾಳೆ ಬೆಳಿಗ್ಗೆ ನನ್ನ ಚಹಾದಲ್ಲಿ ಸಕ್ಕರೆಯ ಬದಲು ಉಪ್ಪು ಬೀಳಲಿ, ನಮ್ಮನೆ ಹೇಂಟೆ ಹುಂಜದ ಹಾಗೆ ಕೂಗಲಿ. ಜತ್ತದ ಪೇಟೆಯ ಹಿಂದೆ, ನಮ್ಮ ಓಣಿಯಲ್ಲೇ ನಡೆದ ಸಂಗತಿ. ನಂಬಿಕೆ ಇಲ್ಲದವರು ಓಣಿಯ ಕರಿ ನಾಯಿಯನ್ನು ಕೇಳಿ. ನೆರಳಿಗಿದ್ದ ಒಂದು ಬೆಂಚನ್ನು ಅದೂ ಅವತ್ತು ಕಳಕೊಂಡಿತು.

ಹೆಡ್‌ಸರ್ ಗುರುಲಿಂಗಪ್ಪನವರು ಬೆಂಚಿನ ಕೋಣೆಯ ಬಾಗಿಲು ತೆರೆದು ಒಳಗೆ ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. ಆಮೇಲೆ ಹಿಂದೆ ನಿಂತಿದ್ದ ಹುಡುಗಿಯ ಕಡೆ ತಿರುಗಿದರು.

"ಕರಿಷ್ಮಾ, ಇಲ್ಲಿ ಅರವತ್ತ ಬೆಂಚ್ ಇರಬೇಕು. ಮೂವತ್ತೆಂಟ ಅದಾವು. ಉಳದದ್ದು ಎಲ್ಲಿ?"

ಕರಿಷ್ಮಾ ಛಾವಣಿ ನೋಡಿದಳು. ಅಲ್ಲೂ ಇರಲಿಲ್ಲ.

"ಓಣ್ಯಾಗ ಅದಾವ್ರಿ ಸರ್," ಅಂದಳು.

ಕರಿಷ್ಮಾ ಆರನೇ ಇಯತ್ತೆಯಲ್ಲಿ ಓದುವ ಹುಡುಗಿ. ಅವಳ ಅಪ್ಪ ಹರಿಬಾ ಆ ಶಾಲೆಯ ಶಿಪಾಯಿ, ಅಂದರೆ ಜವಾನ. ಮೊಣಕಾಲು ಬಾತಿದ್ದರಿಂದ ಅವನು ಎಣ್ಣೆ ಹಚ್ಚಿಸಿಕೊಳ್ಳಲು ಎಂಟು ದಿನ ಬೆಳುಂಕಿಯ ಅತ್ತೆಯ ಮನೆಗೆ ಹೋಗಿದ್ದ. ಹೋಗುವಾಗ ಬೆಂಚಿನ ಕೋಣೆಯ ಕೀಲಿ ಅವಳ ಕೈಗೆ ಕೊಟ್ಟಿದ್ದ.

ಆ ಶಾಲೆ ಹೇಗೆ ಅಂದರೆ, ಓಣಿ ಮುಗಿಯುವುದು ಎಲ್ಲಿ, ಶಾಲೆ ಶುರುವಾಗುವುದು ಎಲ್ಲಿ ಅಂತ ಬೆಕ್ಕಿಗೂ ಗೊತ್ತಾಗುತ್ತಿರಲಿಲ್ಲ. ಓಣಿಯವರು ನೀರು ಹಿಡಿಯುವುದು ಶಾಲೆಯ ನಲ್ಲಿಯಲ್ಲಿ. ಲಗ್ನ ಆಗುವುದು ಶಾಲೆಯ ಮೈದಾನದಲ್ಲಿ. ಅನ್ನಕ್ಕೆ ಇಡುವುದು ಶಾಲೆಯ ಗಂಟೆ ಕೇಳಿ. ಇನ್ನು ಡೆಸ್ಕು ಜೋಡಿಸಿದ ಆ ಬೆಂಚು? ಮಗು ಹುಟ್ಟಿದ ಮನೆಗೂ ಅದೇ ಬೆಂಚು, ಯಾರಾದರೂ ತೀರಿಕೊಂಡ ಮನೆಗೂ ಅದೇ ಬೆಂಚು. ಹೆಣ್ಣು ನೋಡಲು ಬಂದವರನ್ನು ಶಾಲೆಯ ಬೆಂಚಿನ ಮೇಲೆ ಕೂರಿಸದಿದ್ದರೆ ಸಂಬಂಧ ಕೂಡುವುದಿಲ್ಲ ಅಂತ ಹೇಳುವವರೂ ಇದ್ದರು.

ಬೆಂಚು ತಿರುಗಿ ಬರಲಿ ಅಂತ ಹರಿಬಾ ಒಂದು ಪದ್ಧತಿ ಮಾಡಿದ್ದ. ಬೆಂಚು ಒಯ್ಯುವವರು ಎಡಗಾಲಿನ ಚಪ್ಪಲಿ ಬಿಟ್ಟು ಹೋಗಬೇಕು. ಆ ಚಪ್ಪಲಿ ಕೋಣೆಯ ಗೋಡೆಯ ಮೊಳೆಗೆ ತೂಗುತ್ತಿತ್ತು. ಒಂದೇ ಚಪ್ಪಲಿಯಲ್ಲಿ ಎಷ್ಟು ದಿನ ನಡೆದಾರು? ಮರುದಿನವೇ ಬೆಂಚು ಬರುತ್ತಿತ್ತು.

ಕರಿಷ್ಮಾಗೆ ಆ ಪದ್ಧತಿ ಗೊತ್ತಿತ್ತು. ಆದರೆ ಇದು ಮಾರ್ಚ್ ತಿಂಗಳು. ಓಣಿಯ ಡಾಂಬರು ರೊಟ್ಟಿ ಹಂಚಿನ ಹಾಗೆ ಕಾದಿತ್ತು. ಇರುವೆಗಳು ಕೂಡ ಆರು ಕಾಲಲ್ಲಿ ಮೂರನ್ನು ಎತ್ತಿಕೊಂಡೇ ನಡೆಯುತ್ತಿದ್ದವು. ಇಂಥ ಬಿಸಿಲಲ್ಲಿ ಯಾರ ಚಪ್ಪಲಿ ಬಿಚ್ಚಿಸುವುದು? ಯಾರು ಕೇಳಿದರೂ ಅವಳು "ಒಯ್ರಿ" ಅಂದಳು. ಎಂಟು ದಿನದಲ್ಲಿ ಇಪ್ಪತ್ತೆರಡು ಸಲ "ಒಯ್ರಿ" ಅಂದಿದ್ದಳು.

ಹೆಡ್‌ಸರ್ ಬೈಯಲಿಲ್ಲ. ಬೈದಿದ್ದರೆ ಚಲೋ ಇತ್ತು. ಅವರು ಮೆಲ್ಲಗೆ ವಿಷಯ ಹೇಳಿದರು. ನಾಳೆ ಹತ್ತನೆಯವರ ಬೋರ್ಡ್ ಪರೀಕ್ಷೆ. ಅರವತ್ತು ಮಕ್ಕಳು, ಒಬ್ಬರಿಗೆ ಒಂದು ಬೆಂಚು. ಸಂಜೆ ಐದಕ್ಕೆ ಪರೀಕ್ಷೆಯ ಮೇಡಂ ಬಂದು ಎಣಿಸುತ್ತಾರೆ. ಒಂದು ಕಡಿಮೆ ಬಿದ್ದರೂ ಪರೀಕ್ಷೆ ಇಲ್ಲಿ ಇಲ್ಲ, ಮಕ್ಕಳೆಲ್ಲ ಬಸ್ಸು ಹತ್ತಿ ಸಂಖದ ಶಾಲೆಗೆ ಹೋಗಬೇಕು.

ಕರಿಷ್ಮಾಳ ಅಕ್ಕ ಸ್ನೇಹಲ ಹತ್ತನೇ ಇಯತ್ತೆ. ಸ್ನೇಹಲಳಿಗೆ ಬಸ್ಸು ಅಂದರೆ ವಾಂತಿ. ಬಸ್ಸು ಹತ್ತಬೇಕು ಅಂತಲೂ ಇಲ್ಲ. ಪುಸ್ತಕದಲ್ಲಿ ಬಸ್ಸಿನ ಚಿತ್ರ ಬಂದರೆ ಪುಟ ಮಗುಚಿ ನಿಂಬೆಹಣ್ಣು ಮೂಸುತ್ತಿದ್ದಳು.

ಆಗ ಎರಡು ಗಂಟೆ. ಕರಿಷ್ಮಾ ಓಡಿದಳು.

ಮೊದಲು ಗೌರವ್ವ ಆಯಿಯ ಮನೆ. ಆಯಿ ಎರಡು ಬೆಂಚಿನ ಮೇಲೆ ಶಾವಿಗೆ ಹರವಿದ್ದಳು. ಹಸಿ ಇದೆ, ಎತ್ತಿದರೆ ಮುರಿಯುತ್ತದೆ, ನಾಳೆ ಬಾ ಅಂದಳು. ಸಿದ್ದಾರೂಢನ ಚಹಾದಂಗಡಿಯಲ್ಲಿ ಮೂರು ಬೆಂಚು. ಗಿರಾಕಿಗಳು ಅರ್ಧ ಚಹಾ ಕುಡಿದಿದ್ದಾರೆ, ಅರ್ಧ ಚಹಾಕ್ಕೆ ಯಾರನ್ನೂ ಎಬ್ಬಿಸಬಾರದು ಅಂದ ಅವನು. ಮುಂದಿನ ಮನೆಯಲ್ಲಿ ಬೆಂಚಿನ ಮೇಲೆ ಕೋಳಿ ಕಾವಿಗೆ ಕೂತಿತ್ತು. ಅದು ಏನೂ ಅನ್ನಲಿಲ್ಲ, ಬರೀ ಕುಕ್ಕಿತು.

ಎಲ್ಲರೂ ಪ್ರೀತಿಯಿಂದಲೇ ಮಾತಾಡಿದರು. ಒಬ್ಬರು ಮಜ್ಜಿಗೆ ಕೊಟ್ಟರು, ಒಬ್ಬರು ಹುರಿದ ಶೇಂಗಾ ಕೊಟ್ಟರು. ಬೆಂಚು ಮಾತ್ರ ಯಾರೂ ಕೊಡಲಿಲ್ಲ. ಕರಿಷ್ಮಾ ಹೊಟ್ಟೆ ತುಂಬಿಸಿಕೊಂಡು ಬರಿಗೈಯಲ್ಲಿ ಬಂದಳು.

ಮನೆಯ ಮೆಟ್ಟಿಲ ಮೇಲೆ ಸ್ನೇಹಲ ಓದುತ್ತ ಕೂತಿದ್ದಳು. ಸುದ್ದಿ ಆಗಲೇ ಮುಟ್ಟಿತ್ತು. ಮಡಿಲಲ್ಲಿ ನಾಲ್ಕು ನಿಂಬೆಹಣ್ಣು ಇದ್ದವು.

"ಸಂಖಕ್ಕ ಹೋಗೂದಾದ್ರ ನಾ ಪೇಪರ್ ಬರ್ಯಾಕ ಹೋದಂಗಲ್ಲ, ವಾಂತಿ ಮಾಡಾಕ ಹೋದಂಗ," ಅಂದಳು. ನಗುವುದಕ್ಕೆ ಹೋಗಿ ನಗು ಅರ್ಧಕ್ಕೇ ನಿಂತಿತು.

ಕರಿಷ್ಮಾ ಬೆಂಚಿನ ಕೋಣೆಗೆ ಹೋಗಿ ನೆಲದ ಮೇಲೆ ಕೂತಳು. ಎದುರಿಗೆ ಅಪ್ಪನ ಮೊಳೆಗಳು. ಸಾಲಾಗಿ, ಖಾಲಿಯಾಗಿ. ಅವನ್ನೇ ನೋಡುತ್ತ ನೋಡುತ್ತ ಅವಳ ಕಾಲು ತಾನಾಗಿ ಎದ್ದು ನಿಂತಿತು. ಮೂಲೆಯಲ್ಲಿದ್ದ ಗೋಣಿಚೀಲ ತೆಗೆದುಕೊಂಡಳು.

ಬಿಸಿಲಿಗೆ ಎಲ್ಲರೂ ಮನೆಯೊಳಗೆ ಸೇರಿದ್ದರು. ಚಪ್ಪಲಿಗಳು ಮಾತ್ರ ಬಾಗಿಲ ಹೊರಗಿದ್ದವು. ಕರಿಷ್ಮಾ ಬೆಂಚಿದ್ದ ಮನೆ ಮನೆಗೂ ಹೋಗಿ, ಬೆಂಚಿಗೆ ಒಂದರಂತೆ, ಎಡಗಾಲಿನ ಚಪ್ಪಲಿ ಚೀಲಕ್ಕೆ ಹಾಕಿದಳು. ಚಹಾದಂಗಡಿಯಲ್ಲಿ ಗಿರಾಕಿಗಳು ಕಾಲು ಮಡಚಿ ಕೂತು ರಾಜಕಾರಣ ಮಾತಾಡುತ್ತಿದ್ದರು. ಕೆಳಗಿದ್ದ ಚಪ್ಪಲಿ ಹೋದದ್ದು ಯಾರಿಗೂ ತಿಳಿಯಲಿಲ್ಲ. ಕರಿ ನಾಯಿಗೆ ತಿಳಿಯಿತು. ಆದರೆ ತಾನೇ ಎಷ್ಟೋ ಚಪ್ಪಲಿ ಒಯ್ದ ನಾಯಿ ಅದು, ಯಾವ ಬಾಯಿಂದ ಬೊಗಳುತ್ತದೆ?

ಮೂರೂವರೆಗೆ ಶಾಲೆಯ ಗೇಟಿನ ಮೇಲೆ ಇಪ್ಪತ್ತೊಂದು ಎಡಗಾಲಿನ ಚಪ್ಪಲಿ ತೂಗುತ್ತಿದ್ದವು. ಕರಿಷ್ಮಾ ಗೇಟಿನ ಮುಂದೆ ನಿಂತು ದೊಡ್ಡ ದನಿಯಲ್ಲಿ ಒಂದೇ ಮಾತು ಕೂಗಿದಳು.

"ಬೆಂಚ್ ಕೊಡ್ರಿ, ಚಪ್ಪಲ್ ಒಯ್ರಿ!"

ಆಮೇಲೆ ಏನಾಯಿತು ಅಂತ ಕೇಳುತ್ತೀರಾ? ಓಣಿಗೆ ಓಣಿಯೇ ಒಂಟಿಕಾಲಲ್ಲಿ ಕುಣಿಯಿತು. ಬಲಗಾಲು ಊರಿ, ಎಡಗಾಲು ಎತ್ತಿ, "ಸ್ಸ್, ಹಾ, ಸ್ಸ್, ಹಾ" ಅನ್ನುತ್ತ ಹೆಂಗಸರು ಗಂಡಸರು ಬೆಂಚು ಹೊತ್ತು ಹಾರುತ್ತ ಬಂದರು. ದೂರದಿಂದ ನೋಡಿದವರು ಯಾವುದೋ ಹೊಸ ಲೇಜೀಮು ಕುಣಿತ ಅಂದುಕೊಂಡು ಹಲಗೆ ತಂದು ಬಾರಿಸತೊಡಗಿದರು. ಹಲಗೆ ಕೇಳಿದ ಮೇಲೆ ಕುಣಿತ ಇನ್ನೂ ಜೋರಾಯಿತು. ಎರಡೂ ಚಪ್ಪಲಿ ಇದ್ದವರೂ ಒಂದನ್ನು ಬಿಚ್ಚಿ ಸೇರಿಕೊಂಡರು.

ಗೌರವ್ವ ಆಯಿಯ ಬೆಂಚುಗಳು ಶಾವಿಗೆಯ ಸಮೇತ ಬಂದವು. ದಾರಿಯಲ್ಲೇ ಶಾವಿಗೆ ಎಷ್ಟು ಒಣಗಿತೆಂದರೆ ಗೇಟಿಗೆ ಬರುವಾಗ ಗಲಗಲ ಸದ್ದು ಮಾಡುತ್ತಿತ್ತು. ಸಿದ್ದಾರೂಢನ ಬೆಂಚಿನ ಮೇಲೆ ಒಬ್ಬ ಗಿರಾಕಿ ಇನ್ನೂ ಚಹಾ ಕುಡಿಯುತ್ತಲೇ ಕೂತಿದ್ದ. ಕೋಳಿಯ ಬೆಂಚು ಹೊರಟಾಗ ಅದರ ಮೇಲೆ ಒಂದು ಕೋಳಿ, ಐದು ತತ್ತಿ ಇದ್ದವು. ಶಾಲೆಗೆ ಮುಟ್ಟಿದಾಗ ಒಂದು ಕೋಳಿ, ಐದು ಮರಿ ಇಳಿದವು. ನಾನೇ ಎಣಿಸಿದ್ದೇನೆ.

ಬಯ್ಗುಳ ಬೀಳುತ್ತದೆ ಅಂತ ಕರಿಷ್ಮಾ ಭುಜ ಕುಗ್ಗಿಸಿ ನಿಂತಿದ್ದಳು. ಹೆಡ್‌ಸರ್ ಬಾಯಿಂದ ವಿಷಯ ಕೇಳಿದ ಗೌರವ್ವ ಆಯಿ ತನ್ನ ಚಪ್ಪಲಿ ಹುಡುಕಿ ಹಾಕಿಕೊಂಡು, ಅವಳ ಗಲ್ಲ ಹಿಂಡಿದಳು.

"ನಮ್ಮ ಸ್ನೇಹಲಂದು ಪರೀಕ್ಷಾ ಅಂತ ಮೊದಲ ಹೇಳಾಕ ಬಾಯಿ ಇರಲಿಲ್ಲೇನ? ಬರೇ ಬೆಂಚ್ ಕೊಡ್ರಿ, ಬೆಂಚ್ ಕೊಡ್ರಿ ಅಂದಿ."

ಹೌದಲ್ಲ ಅಂತ ಕರಿಷ್ಮಾಗೆ ಆಗ ಹೊಳೆಯಿತು. ಅವಳು ಓಡಿದ್ದಳು, ಕೇಳಿದ್ದಳು, ಮಜ್ಜಿಗೆ ಕುಡಿದಿದ್ದಳು. ಯಾಕೆ ಅಂತ ಒಂದು ಮನೆಯಲ್ಲೂ ಹೇಳಿರಲಿಲ್ಲ.

ಹೆಡ್‌ಸರ್ ಎಣಿಸಿದರು. ಐವತ್ತೊಂಬತ್ತು. ಗಡಿಯಾರದಲ್ಲಿ ನಾಲ್ಕೂವರೆ.

ಉಳಿದ ಒಂದು ಎಲ್ಲಿದೆ ಅಂತ ಕರಿಷ್ಮಾಗೆ ಗೊತ್ತಿತ್ತು. ಓಣಿಯ ಕೊನೆಯ ಬೇವಿನ ಮರದ ಕೆಳಗೆ ಸೋಮನಿಂಗಪ್ಪ ಅಜ್ಜ ಕೂತಿದ್ದ ಬೆಂಚು. ಅಜ್ಜನ ಚಪ್ಪಲಿ ಕದಿಯುವ ಹಾಗಿರಲಿಲ್ಲ. ಎಪ್ಪತ್ತು ದಾಟಿದ ಅಜ್ಜ ಯಾವತ್ತೂ ಬರಿಗಾಲಲ್ಲೇ ನಡೆದವನು. ಅವನ ಅಂಗಾಲು ಎಷ್ಟು ಗಟ್ಟಿ ಅಂದರೆ, ಮುಳ್ಳು ಚುಚ್ಚಿದರೆ ಮುಳ್ಳೇ ಅಯ್ಯೋ ಅನ್ನುತ್ತಿತ್ತು.

ಈ ಸಲ ಕರಿಷ್ಮಾ ಎಲ್ಲ ಬಿಡಿಸಿ ಹೇಳಿದಳು. ಅಕ್ಕ, ಪರೀಕ್ಷೆ, ಮೇಡಂ, ಸಂಖ, ನಿಂಬೆಹಣ್ಣು. ಅಜ್ಜ ಕೋಲಿನ ಮೇಲೆ ಗದ್ದ ಇಟ್ಟು ಕೇಳಿದ.

"ಬೆಂಚ್ ಒಯ್ಯವಾ ತಂಗಿ. ಆದ್ರ ನಾ ಇಳಿಯೂದಿಲ್ಲ," ಅಂದ.

ಮತ್ತೇನು ಮಾಡುವುದು? ಎಂಟು ಜನ ಸೇರಿ ಬೆಂಚನ್ನು ಅಜ್ಜನ ಸಮೇತ ಎತ್ತಿದರು. ಹಲಗೆಯವರು ಮುಂದೆ, ಕೋಳಿಮರಿಗಳು ಹಿಂದೆ. ಅಜ್ಜ ಮೇಲಿಂದ ದಾರಿ ತೋರಿಸಿದ. ಪರೀಕ್ಷೆ ನಡೆಯುವ ಕೋಣೆಯ ಒಳಗೆ, ಮೂರನೇ ಸಾಲಿನಲ್ಲಿ, ಕಿಡಕಿಯ ಪಕ್ಕಕ್ಕೇ ಇಡಬೇಕು ಅಂತ ಹಟ ಮಾಡಿದ. ಇಟ್ಟರು. ಅಷ್ಟರಲ್ಲಿ ಹೊರಗೆ ಜೀಪು ನಿಂತಿತು.

ಮೇಡಂ ಬಂದು ಎಣಿಸತೊಡಗಿದರು. ಐವತ್ತೆಂಟು, ಐವತ್ತೊಂಬತ್ತು, ಅರವತ್ತು. ಅರವತ್ತನೆಯದರಲ್ಲಿ ತಲೆಗೆ ಪಟಗ ಸುತ್ತಿದ ಅಜ್ಜ ಕೈಕಟ್ಟಿ ಕೂತಿದ್ದ. ಮೇಡಂ ಹಾಜರಿ ಪಟ್ಟಿ ನೋಡಿದರು, ಅಜ್ಜನನ್ನು ನೋಡಿದರು. ದಯವಿಟ್ಟು ಏಳಿ, ಖಾಲಿ ಬೆಂಚು ಎಣಿಸಬೇಕು ಅಂದರು.

"ಗಂಟಿ ಆಗೂಮಟಾ ನಾ ಏಳೂದಿಲ್ರಿ ಬಾಯಾರ," ಅಂದ ಅಜ್ಜ.

ಕಿಡಕಿಯ ಹೊರಗೆ ಓಣಿಯವರೆಲ್ಲ ಕಿಸಕ್ಕೆಂದರು. ಅಜ್ಜ ನಗಲಿಲ್ಲ. ಡೆಸ್ಕಿನ ಕೆಳಗೆ ಕೈ ಹಾಕಿ ಏನನ್ನೋ ತಡವಿದ. ಕರಿಷ್ಮಾ ಬಗ್ಗಿ ನೋಡಿದಳು. ಅಲ್ಲಿ ಚಾಕುವಿನಿಂದ ಕೆತ್ತಿದ ಒಂದು ಸಣ್ಣ ಕುರಿ ಇತ್ತು.

"ಇದು ನಾ ಕೊರದ ಕುರಿ. ನಾನೂ ಹತ್ತನೇ ಇಯತ್ತೆ ಇದ್ದೆ. ಗಣಿತ ನಡದಿತ್ತು. ನಮ್ಮಪ್ಪ ಈ ಕಿಡಕ್ಯಾಗಿಂದ ಕರದ. ಕುರಿ ಕಾಯಾಕ ಯಾರೂ ಇಲ್ಲ, ಬಾ ಅಂದ. ಗಂಟಿ ಆಗೂಕಿಂತ ಮೊದಲ ಎದ್ದ ಹೋದೆ. ತಿರುಗಿ ಬರಲಿಲ್ಲ."

ಹೊರಗಿನ ನಗು ನಿಂತಿತು. ಮೇಡಂ ಪೆನ್ನು ಹಿಡಿದು ನಿಂತೇ ಇದ್ದರು.

ಕರಿಷ್ಮಾ ಯಾರನ್ನೂ ಕೇಳಲಿಲ್ಲ. ಗುಂಪಿನ ಕಾಲುಗಳ ನಡುವೆ ನುಸುಳಿ ಅಂಗಳಕ್ಕೆ ಓಡಿದಳು. ಅಲ್ಲಿ ತೂಗುಹಾಕಿದ ರೈಲು ಕಬ್ಬಿಣದ ತುಂಡೇ ಶಾಲೆಯ ಗಂಟೆ. ಸುತ್ತಿಗೆ ಎತ್ತಿ ಬಾರಿಸಿದಳು. ಢಣ್, ಢಣ್, ಢಣ್. ದೂರದ ದರಿಬಡಚಿ ಊರಿನವರೆಗೂ ಕೇಳಿಸಿ, ಅಲ್ಲಿಯ ಕುರಿಗಳು ಇನ್ನೂ ಬಿಸಿಲಿರುವಾಗಲೇ ದೊಡ್ಡಿಗೆ ಬಂದವಂತೆ.

ಸುತ್ತಿಗೆ ಹಿಡಿದೇ ಅವಳು ಕಿಡಕಿಯಿಂದ ನೋಡಿದಳು. ಅಜ್ಜ ಡೆಸ್ಕಿನ ಮೇಲೆ ಇಲ್ಲದ ಪುಸ್ತಕವನ್ನು ಮುಚ್ಚಿದ. ಕೋಲು ಊರಿ ಎದ್ದು ನಿಂತ. ತನ್ನ ಮಗನ ವಯಸ್ಸಿನ ಹೆಡ್‌ಸರ್‌ಗೆ ನಮಸ್ಕಾರ ಮಾಡಿ, ಸಾವಕಾಶವಾಗಿ ಬಾಗಿಲು ದಾಟಿದ.

ಮೇಡಂ ಕಾಗದದ ಮೇಲೆ "ಅರವತ್ತು" ಅಂತ ಬರೆದರು.

ಪರೀಕ್ಷೆ ಓಣಿಯಲ್ಲೇ ಆಯಿತು. ಪರೀಕ್ಷೆಯ ಹೊತ್ತಿಗೆ ಓಣಿ ಉಸಿರು ಬಿಗಿಹಿಡಿಯುತ್ತಿತ್ತು. ಸಿದ್ದಾರೂಢ ಚಹಾವನ್ನು ಸದ್ದಿಲ್ಲದೆ ಕುದಿಸಿದ. ಹುಂಜಗಳನ್ನು ಬುಟ್ಟಿ ಮುಚ್ಚಿ, ಈಗ ರಾತ್ರಿ ಅಂತ ಹೇಳಿ ನಂಬಿಸಿದ್ದರು. ಸ್ನೇಹಲಳ ನಂಬರು ಕುರಿಯ ಬೆಂಚಿಗೇ ಬಂದಿತ್ತು. ನಿಂಬೆಹಣ್ಣುಗಳು ಉಪ್ಪಿನಕಾಯಿಯಾದವು.

ಕೊನೆಯ ಪೇಪರ್ ಮುಗಿದ ಸಂಜೆ ಕರಿಷ್ಮಾ ಬೆಂಚಿನ ಕೋಣೆಗೆ ಬೀಗ ಹಾಕುತ್ತಿದ್ದಳು. ಬೆಳುಂಕಿಯಿಂದ ಬಂದಿದ್ದ ಅಪ್ಪ ಕೀಲಿಯನ್ನು ಅವಳ ಹತ್ತಿರವೇ ಬಿಟ್ಟಿದ್ದ. ಬಾಗಿಲಲ್ಲಿ ಸೋಮನಿಂಗಪ್ಪ ಅಜ್ಜ ಬಂದು ನಿಂತ. ಬೆಂಚು ಬೇಕು ಅಂದ. ಚಪ್ಪಲಿ ಇಲ್ಲವಾದ್ದರಿಂದ ತನ್ನ ಕೋಲು ಮುಂದೆ ಚಾಚಿದ.

"ನಿಮಗ ಏನೂ ಬ್ಯಾಡ ಅಜ್ಜಾ, ಹಂಗ ಒಯ್ರಿ," ಅನ್ನಬೇಕೆಂದು ಕರಿಷ್ಮಾಳ ನಾಲಗೆ ತುದಿಗೆ ಬಂದಿತ್ತು. ಅಜ್ಜನ ಮುಖ ನೋಡಿದಳು. ಚಾಚಿದ ಕೈ ಚಾಚಿದಂತೆಯೇ ಇತ್ತು, ಶಾಲೆಯ ಹುಡುಗ ಸರ್‌ಗೆ ಬರೆದ ವಹಿ ಕೊಡುವ ಹಾಗೆ.

ಅವಳು ಕೋಲು ತೆಗೆದುಕೊಂಡು, ಮೊದಲನೆಯ ಮೊಳೆಗೆ ತೂಗುಹಾಕಿದಳು. ಕೋಲಿಲ್ಲದೆ ಅಜ್ಜ ನಡೆಯುವುದು ಹೇಗೆ? ಸ್ನೇಹಲಳನ್ನು ಕರೆದಳು. ಬೆಂಚಿನ ಒಂದು ತುದಿ ಅಕ್ಕ ಹಿಡಿದಳು, ಇನ್ನೊಂದು ತುದಿ ತಂಗಿ. ಅಜ್ಜ ಡೆಸ್ಕಿನ ಮೇಲೆ ಕೈ ಊರಿಕೊಂಡು ನಡುವೆ ನಡೆದ. ಬೇವಿನ ಮರದ ಕೆಳಗೆ ಬೆಂಚು ಇಳಿಸಿ ಅಜ್ಜನನ್ನು ಕೂರಿಸಿದರು.

ಹಾಂ, ಎಲ್ಲಿ ಎದ್ದಿರಿ? ಕತೆ ಕೇಳಿ ಹಂಗೇ ಹೊರಟಿರಾ? ನಮ್ಮ ಓಣಿಯಿಂದ ಏನು ಒಯ್ದರೂ ಒಂದೇ ಪದ್ಧತಿ. ಬಿಚ್ಚಿ ಎಡಗಾಲಿನ ಚಪ್ಪಲಿ. ಇದಕ್ಕಿಂತ ಚಲೋ ಕತೆ ತಂದು ಹೇಳಿ, ಚಪ್ಪಲಿ ತಿರುಗಿ ಒಯ್ಯಿರಿ.