ಎಂಟನೆಯ ಎಳೆ

“ಆ ದಾರ ಮುಟ್ಟಬೇಡ ನಾಯನಾ. ವದ್ದು,” ಎಂದಳು ಗಂಗುಲಮ್ಮ.

ಬ್ಯಾಂಡಿನ ಮ್ಯಾನೇಜರ್ ಕೆಂಪರಾಜು ನಕ್ಕ. ಅಭ್ಯಾಸದ ಶೆಡ್ಡಿನ ಗೋಡೆಯ ಮೊಳೆಗೆ ನೂಮಾನನ ಬೇಸ್ ಗಿಟಾರು ನೇತುಬಿದ್ದಿತ್ತು. ಅದರ ಕುತ್ತಿಗೆಗೆ ಹಳದಿ ರೇಷ್ಮೆ ನೂಲನ್ನು ಏಳು ಸುತ್ತು ಸುತ್ತಿ, ಗಂಟಿನೊಳಗೆ ಬೆಂದು ಕಪ್ಪಾದ ರೇಷ್ಮೆ ಹುಳುವೊಂದನ್ನು ಸಿಕ್ಕಿಸಿದ್ದರು. ಹತ್ತಿರ ಹೋದರೆ ಹುಳುವಿನ ನಾತ ಮೂಗಿಗೆ ಹತ್ತುತ್ತಿತ್ತು.

“ಏನಜ್ಜಿ, ಗಿಟಾರಿಗೂ ದೃಷ್ಟಿ ಆಗುತ್ತಾ?”

ಗಂಗುಲಮ್ಮ ಶಿಡ್ಲಘಟ್ಟದ ರೇಷ್ಮೆ ನೂಲಿನ ಕಾರ್ಖಾನೆಯಲ್ಲಿ, ಅಂದರೆ ಫಿಲೇಚರಿನಲ್ಲಿ, ಗೂಡು ಆರಿಸುವ ಮುದುಕಿ. ಮಾಟ ತೆಗೆಸಲು ಚಿಂತಾಮಣಿಯಿಂದಲೂ ಅವಳನ್ನು ಹುಡುಕಿಕೊಂಡು ಬರುತ್ತಿದ್ದರು. ಮಾಡಿಸಲು ಬಂದವರು ಮಾತ್ರ ಯಾರಿಗೂ ಹೇಳುತ್ತಿರಲಿಲ್ಲ. ಅವಳ ಪಕ್ಕದಲ್ಲಿ ತಲೆಗೆ ದುಪ್ಪಟ್ಟಾ ಹೊದ್ದು ನಿಂತಿದ್ದವಳು ಲುಬ್ನಾ, ಸತ್ತ ನೂಮಾನನ ತಂಗಿ. ಅದೇ ಫಿಲೇಚರಿನಲ್ಲಿ ಗೂಡಿನಿಂದ ನೂಲು ಬಿಚ್ಚುವ ಕೆಲಸ ಅವಳದು.

“ಸಾರ್, ಹಾಡು ಹೊರಗೆ ಬಿಡ್ಬೇಡಿ ಅಂತ ನಾನು ಹೇಳ್ತಿಲ್ಲ,” ಎಂದಳು ಲುಬ್ನಾ. “ನಮ್ಮ ಭಾಯ್ ಬಾರ್ಸಿರೋದು ಅದ್ರಲ್ಲಿ ಇರ್ಲಿ. ಕೆಳಗೆ ಅವನ ಹೆಸರು ಇರ್ಲಿ. ಅಷ್ಟೇ.”

“ಇಲ್ದಿದ್ರೆ?”

ಉತ್ತರ ಹೇಳಿದವಳು ಗಂಗುಲಮ್ಮ. “ಎಂಟು ಗೂಡಿನ ಎಳೆ ಸೇರಿದ್ರೆ ಒಂದು ನೂಲು. ಇದ್ರಲ್ಲಿ ಏಳೇ ಎಳೆ ಐತೆ. ಎಂಟನೇದು ಆ ಹುಡುಗನ ಸ್ವರ. ಅದನ್ನ ಹಾಡಿನಿಂದ ಕಿತ್ತೋನು ಆ ಹುಡುಗನ ಜಾಗಕ್ಕೇ ಹೋಗ್ತಾನೆ. ಆಮೇಲೆ ಅವನು ಯಾರ ಎಣಿಕೆಗೂ ಸಿಗಲ್ಲ.”

ಕೆಂಪರಾಜು ಮೇಜಿನ ಮೇಲಿದ್ದ ಕತ್ತರಿ ತೆಗೆದು, ಇಬ್ಬರೂ ನೋಡುತ್ತಿದ್ದಂತೆಯೇ ನೂಲನ್ನು ಕತ್ತರಿಸಿದ. ಅವನ ಕೈ ತಾಗಲಿಲ್ಲ. ಆದರೂ ಗಿಟಾರಿನ ದಪ್ಪ ತಂತಿ ಒಮ್ಮೆ ಗುಂಯ್ ಎಂದು ಸುಮ್ಮನಾಯಿತು. ಗಂಗುಲಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹೊರಗೆ ಹೋದಳು. ಲುಬ್ನಾ ಮಾತ್ರ ಒಂದು ಗಳಿಗೆ ನಿಂತಳು.

“ಅವತ್ತು ಆಂಬುಲೆನ್ಸಿನೋರು ಕೇಳಿದ್ರಂತಲ್ಲ ಸಾರ್, ಗಾಡೀಲಿ ಎಷ್ಟು ಜನ ಇದ್ರಿ ಅಂತ. ನೀವು ಏನಂದ್ರಿ?”

ಕೆಂಪರಾಜು ಕತ್ತರಿಯನ್ನು ಮತ್ತೆ ಮೇಜಿನ ಮೇಲಿಟ್ಟ. ಅವಳಿಗೆ ಉತ್ತರ ಗೊತ್ತಿತ್ತು.

ಬ್ಯಾಂಡಿನ ಹೆಸರು ‘ಗೂಡು’. ನಂದಿಯಲ್ಲಿ ನರೇಂದ್ರನ ಮನೆಯವರು ಹಿಂದೆ ರೇಷ್ಮೆ ಹುಳು ಸಾಕುತ್ತಿದ್ದ ಶೆಡ್ಡೇ ಅವರ ಅಭ್ಯಾಸದ ಕೋಣೆ. ಹಾಡುವವನು ನರೇಂದ್ರ, ಕೀಬೋರ್ಡು ಭಾನುಪ್ರಿಯಾಳದು. ತಾಳಕ್ಕೆ ಒಂದು ಯಂತ್ರ. ಅವರು ನುಡಿಸುತ್ತಿದ್ದುದು ನ್ಯೂ ವೇವ್. ತಣ್ಣನೆಯ ಕೀಬೋರ್ಡು, ದೂರದಲ್ಲೆಲ್ಲೋ ಹಾಡಿದಂಥ ದನಿ, ಇವೆರಡನ್ನೂ ಕೆಳಗಿನಿಂದ ಹೊತ್ತು ಓಡುವ ಬೇಸ್. ಅಂಥ ಹಾಡಿನಲ್ಲಿ ರಾಗವನ್ನೇ ಬೇಸ್ ನುಡಿಸುತ್ತದೆ. ಆದರೆ ಕೇಳುವವರು ಹೊಗಳುವುದು ಹಾಡಿದವನನ್ನು, ಫೋಟೊ ತೆಗೆಯುವುದು ಕೀಬೋರ್ಡಿನವಳದ್ದು. ಬೇಸ್ ಬಾರಿಸುವವನ ಹಣೆಬರಹವೇ ಅಷ್ಟು. ಅವನಿದ್ದಾನೆ ಎಂದು ತಿಳಿಯಲು ಅವನು ನಿಲ್ಲಿಸಬೇಕು. ನೂಮಾನ್ ಎಂದೂ ನಿಲ್ಲಿಸಿದವನಲ್ಲ. ಹಗಲೆಲ್ಲ ಫಿಲೇಚರಿನ ಬಿಸಿನೀರಿನಲ್ಲಿ ಬೆಂದ ಬೆರಳುಗಳಲ್ಲೇ ಸಂಜೆ ತಂತಿ ಮೀಟುತ್ತಿದ್ದ.

ಕೆಂಪರಾಜು ಈ ಗುಂಪಿಗೆ ಹೊಸಬ. ಗೌರಿಬಿದನೂರಿನಲ್ಲಿ ಮದುವೆಗಳಿಗೆ ಮೈಕ್ ಸೆಟ್ ಕೊಡುತ್ತಿದ್ದವನು, ನ್ಯೂ ವೇವ್ ಅಂದರೆ ಯಾವುದೋ ಹೇರ್ ಸ್ಟೈಲ್ ಇರಬೇಕು ಅಂದುಕೊಂಡಿದ್ದವನು, ಮ್ಯಾನೇಜರಾಗಿ ಬಂದು ಸೇರಿ ಎರಡು ತಿಂಗಳಾಗಿತ್ತು. ಅಪಘಾತವಾದ ರಾತ್ರಿ ಗೌರಿಬಿದನೂರಿನ ಕಾರ್ಯಕ್ರಮ ಮುಗಿಸಿ ವ್ಯಾನು ಓಡಿಸುತ್ತಿದ್ದವನೂ ಅವನೇ. ನರೇಂದ್ರ, ಭಾನುಪ್ರಿಯಾ ಮುಂದೆ ಕೂತಿದ್ದರು. ಹಿಂದೆ ಸ್ಪೀಕರ್ ಪೆಟ್ಟಿಗೆಗಳ ನಡುವೆ ನೂಮಾನ್. ಮಂಚೇನಹಳ್ಳಿ ದಾಟಿದ ಮೇಲೆ ವ್ಯಾನು ಉರುಳಿ ಜೋಳದ ಹೊಲದ ಗುಂಡಿಗೆ ಬಿತ್ತು. ಮುಂದಿದ್ದ ಇಬ್ಬರಿಗೂ ಪ್ರಜ್ಞೆ ಇರಲಿಲ್ಲ. ಆಂಬುಲೆನ್ಸಿನವರು ಕೇಳಿದ್ದು ಕೆಂಪರಾಜುವನ್ನು.

“ಮೂರು ಜನ,” ಎಂದಿದ್ದ ಅವನು.

ಅದು ಸುಳ್ಳಲ್ಲ. ಸುಳ್ಳಾಗಿದ್ದರೆ ಇಷ್ಟು ಹೇಯ ಅನಿಸುತ್ತಿರಲಿಲ್ಲವೇನೋ. ಅವನು ಮರೆತಿದ್ದ, ಅಷ್ಟೇ. ನೂಮಾನ್ ಪೆಟ್ಟಿಗೆಗಳಡಿ ಸಿಕ್ಕಿಕೊಂಡು, ಆಂಬುಲೆನ್ಸು ಹೋದ ಮೇಲೆ ಎಚ್ಚರವಾಗಿ, ಕೈಗೆ ಸಿಕ್ಕ ತಗಡನ್ನು ಬೆಳಗಿನವರೆಗೂ ಬಡಿದಿದ್ದ. ದುಂ, ದುಂ, ದುಂ, ದುಂ. ಪಕ್ಕದ ಹೊಲದವನಿಗೆ ಆ ಸದ್ದು ಕೇಳಿಸಿತ್ತು. ಯಾರದೋ ಬೋರ್‌ವೆಲ್ಲಿನ ಪಂಪು ಎಂದುಕೊಂಡು ಅವನು ಮಗ್ಗುಲು ಬದಲಾಯಿಸಿದ್ದ.

ಈಗ ಹೊರಬರಲಿರುವ ಏಳು ಹಾಡಿನ ಆಲ್ಬಮ್ಮಿನ ಕೆಳಗೆ ನೂಮಾನನ ಹೆಸರು ಬಂದರೆ, ಯಾರಿವನು, ಏನಾದ ಎಂದು ಜನ ಕೇಳುತ್ತಾರೆ. ಕೇಳುತ್ತ ಹೋದರೆ ‘ಮೂರು’ ಎಂದವನ ಬಳಿಗೇ ಬರುತ್ತಾರೆ. ಕೆಂಪರಾಜುವಿಗೆ ಬೇಡವಾಗಿದ್ದುದು ಅದೊಂದೇ.

ನೂಲು ಕತ್ತರಿಸಿದ ದಿನ ಮಧ್ಯಾಹ್ನವೇ ಅವನು ಕಂಪ್ಯೂಟರ್ ಮುಂದೆ ಕೂತು ಏಳೂ ಹಾಡುಗಳಿಂದ ಬೇಸ್ ಅಳಿಸಿದ. ಅದರ ಜಾಗವನ್ನು ಭಾನುಪ್ರಿಯಾಳ ಕೀಬೋರ್ಡಿನಿಂದ ತುಂಬಿಸಿದ. ಆಮೇಲೆ ಫೋನಿನಿಂದ, ಪೆನ್‌ಡ್ರೈವಿನಿಂದ, ಎಲ್ಲೆಲ್ಲಿ ಪ್ರತಿ ಇತ್ತೋ ಅಲ್ಲಿಂದೆಲ್ಲ ಅಳಿಸಿದ.

“ಅಣ್ಣಾ, ಒಂದು ಪ್ರತಿಯಾದ್ರೂ ಇಟ್ಕೊಳ್ಳಣ,” ಎಂದಳು ಭಾನುಪ್ರಿಯಾ.

“ನಾಲ್ಕು ತಂತಿ ಕಣಮ್ಮ. ಯಾರು ಬೇಕಾದ್ರೂ ಬಾರಿಸ್ತಾರೆ.”

ಮೊದಲ ದಿನ ನಂದಿ ಹಾಲ್ಟ್ ರೈಲು ನಿಲ್ದಾಣದ ಎದುರಿನ ಟೀ ಅಂಗಡಿಯವನು ಮೂವರ ಮುಂದೆ ಎರಡು ಲೋಟ ತಂದಿಟ್ಟ. ಕೆಂಪರಾಜು ರೇಗಿದ. ಅಂಗಡಿಯವನು ಯಾರು ಕೂಗಿದ್ದು ಎಂದು ಅತ್ತಿತ್ತ ನೋಡಿ ಒಳಗೆ ಹೋದ. ನರೇಂದ್ರ ನಕ್ಕುಬಿಟ್ಟ.

ಎರಡನೆಯ ದಿನ ಫೋನು ಹಚ್ಚಿದರೆ ಆ ಕಡೆಯವರು “ಹಲೋ, ಹಲೋ” ಎಂದು ಇಟ್ಟುಬಿಟ್ಟರು. ತನ್ನ ದನಿಯನ್ನೇ ರೆಕಾರ್ಡ್ ಮಾಡಿ ಕೇಳಿದ. ಹೊರಗಿನ ಕಾಗೆಯ ಕೂಗಿತ್ತು, ಫ್ಯಾನಿನ ಸದ್ದಿತ್ತು, ಅವನ ಮಾತಿರಲಿಲ್ಲ. ಬಟ್ಟೆಯಲ್ಲಿ ಹುಳು ಬೆಂದ ನಾತ. ಸ್ನಾನ ಮಾಡಿದ. ಹೋಗಲಿಲ್ಲ. ಸೋಪಿನ ನೊರೆಯಲ್ಲೂ ಅದೇ ನಾತ.

ಮೂರನೆಯ ದಿನ ಅವನು ಊಟದ ಮನೆಯಲ್ಲಿ ಕೂತಿರುವಾಗಲೇ ಹೆಂಡತಿ ಹೊರಗಿನಿಂದ ಬೀಗ ಹಾಕಿಕೊಂಡು ಹೋದಳು. ಕಿಟಕಿಯಿಂದ ಕೂಗಿದ. ಅಂಗಳದಲ್ಲಿ ಅವಳು ಒಂದು ಸಲವೂ ತಿರುಗಲಿಲ್ಲ. ಆಗ ಮೊದಲ ಸಲ ಅವನಿಗೆ ಭಯವಾಯಿತು. ಹಿತ್ತಲ ಬಾಗಿಲು ಒದ್ದು ನಂದಿಗೆ ಓಡಿದ.

ಶೆಡ್ಡಿನಲ್ಲಿ ನರೇಂದ್ರ, ಭಾನುಪ್ರಿಯಾ ಹಾಡು ಕೇಳುತ್ತ ಕೂತಿದ್ದರು. ಸ್ಪೀಕರಿನ ಕಪ್ಪು ಪೊರೆ ಸದ್ದಿಲ್ಲದೆ ಅದುರುತ್ತಿತ್ತು. ದುಂ, ದುಂ, ದುಂ, ದುಂ. ಕಿವಿಗೆ ಕೇಳಿಸದು. ಕೆಂಪರಾಜುವಿನ ಎದೆಗೂಡಿಗೆ ಮಾತ್ರ ತಿಳಿಯುತ್ತಿತ್ತು.

“ಈ ಹಾಡಲ್ಲಿ ಏನೋ ಇಲ್ಲ ಕಣೋ,” ಎಂದಳು ಭಾನುಪ್ರಿಯಾ. “ಬೇಸ್ ಅಳಿಸಿದ್ದು ಯಾರು?”

“ಗೊತ್ತಿಲ್ಲ. ಮ್ಯಾನೇಜರ್ ಅಂತ ಯಾರೋ ಇದ್ರು ಅಲ್ವಾ ನಮಗೆ?” ನರೇಂದ್ರ ಹಣೆ ಉಜ್ಜಿಕೊಂಡ. “ಹೆಸರೇ ನೆನಪಾಗ್ತಿಲ್ಲ.”

ಕೆಂಪರಾಜು ಅವನ ಮುಖದ ಮುಂದೆಯೇ ನಿಂತು ಕಿರುಚಿದ. ನರೇಂದ್ರ ಕಣ್ಣು ಮಿಟುಕಿಸಲಿಲ್ಲ.

ಅಲ್ಲಿಂದ ಅವನು ಶಿಡ್ಲಘಟ್ಟಕ್ಕೆ ಧಾವಿಸಿದ. ಫಿಲೇಚರಿನೊಳಗೆ ಹಗಲಲ್ಲೂ ಮಬ್ಬು. ತಗಡಿನ ಮಾಡಿನ ಕೆಳಗೆ ಹಬೆ ದಟ್ಟವಾಗಿ ನಿಂತಿತ್ತು. ಒಂದೇ ಒಂದು ಬಲ್ಬು. ಬಿಸಿನೀರಿನ ತೊಟ್ಟಿಗಳಲ್ಲಿ ಹಳದಿ ಗೂಡುಗಳು ಕುಣಿಯುತ್ತಿದ್ದವು. ಕಾಲಡಿ ಜಾರುವ ನೀರು, ಬೆಂದ ಹುಳುಗಳು. ಆ ನಾತ ಬಂದದ್ದು ಎಲ್ಲಿಂದ ಎಂದು ಕೆಂಪರಾಜುವಿಗೆ ಈಗ ತಿಳಿಯಿತು. ಮೂಲೆಯಲ್ಲಿ ಗಂಗುಲಮ್ಮ ಗೂಡು ಆರಿಸುತ್ತಿದ್ದಳು. ಆಚೆ ಬಾಯ್ಲರ್ ನೋಡಿಕೊಳ್ಳುವ ಲಾಲ್ ಬಾಷಾ ಅದಕ್ಕೆ ಸೌದೆ ತುರುಕುತ್ತಿದ್ದ. ಇಬ್ಬರೂ ತಲೆ ಎತ್ತಲಿಲ್ಲ.

ಲುಬ್ನಾಳ ಬೆರಳು ಮಾತ್ರ ನೂಲಿನ ಮೇಲೆ ನಿಂತಿತು.

“ಒಂದು ಎಳೆ ಕಡಿದ್ರೂ ನೂಲು ನೋಡೋಕೆ ಹಂಗೇ ಇರುತ್ತೆ,” ಎಂದಳು, ತೊಟ್ಟಿಯನ್ನೇ ನೋಡುತ್ತ. “ನನ್ನ ಬೆರಳಿಗೆ ಗೊತ್ತಾಗುತ್ತೆ. ಏನ್ ಸಾರ್, ಬಂದ್ರಾ?”

ಎರಡು ದಿನಗಳಲ್ಲಿ ಅವನನ್ನು ಕಂಡವಳು ಅವಳೊಬ್ಬಳೇ. ಕೆಂಪರಾಜು ಒದ್ದೆ ನೆಲದ ಮೇಲೆ ಕುಸಿದು ಕೈಮುಗಿದ.

“ತಪ್ಪಾಯ್ತಮ್ಮ. ನಿನ್ನ ಕಾಲಿಗೆ ಬೀಳ್ತೀನಿ. ಇದನ್ನ ತೆಗೆಸು.”

“ತೆಗೆಸೋದೇನಿದೆ ಸಾರ್? ಭಾಯ್ ಬಾರ್ಸಿದ್ದನ್ನ ವಾಪಸ್ ಹಾಕಿ. ಅವನ ಹೆಸರು ಹಾಕಿ. ಎಳೆ ಸೇರಿಕೊಳ್ಳುತ್ತೆ.”

ಅವನು ಮುಗಿದ ಕೈ ಇಳಿಸಿದ. “ಇಲ್ಲ.”

“ಇಲ್ಲ ಅಂದ್ರೆ?”

“ಅಳಿಸಿಬಿಟ್ಟೆ. ಎಲ್ಲಾ ಕಡೆಯಿಂದಾನೂ. ಒಂದು ಪ್ರತೀನೂ ಉಳಿದಿಲ್ಲ.”

ಲುಬ್ನಾ ಆಗ ಮೊದಲ ಬಾರಿಗೆ ಅವನ ಮುಖ ನೋಡಿದಳು. ಅಣ್ಣ ಈ ಲೋಕದಲ್ಲಿ ಬಿಟ್ಟುಹೋದದ್ದು ಆ ಏಳು ಹಾಡಿನ ಸ್ವರವೊಂದೇ. ಹೆಣ ಹೊರಟಾಗಲೂ ಅಳದವಳು ಈಗ ಅತ್ತಳು. ಅತ್ತು, ದುಪ್ಪಟ್ಟಾದ ತುದಿಯಿಂದ ಮುಖ ಒರೆಸಿಕೊಂಡು, ಮತ್ತೆ ನೂಲಿಗೆ ಕೈ ಹಾಕಿದಳು.

“ಅವನನ್ನ ಎರಡು ಸಲ ಕೊಂದ್ರಿ ಸಾರ್ ನೀವು.”

ಗಂಗುಲಮ್ಮ ಮೂಲೆಯಲ್ಲಿ ಏನೋ ಗೊಣಗತೊಡಗಿದಳು. ಬಾಯ್ಲರಿನ ಕೊಳವೆ ಶಿಳ್ಳೆ ಹೊಡೆಯಿತು. ಲಾಲ್ ಬಾಷಾ ತಿರುಗಿ ನೋಡಿದ. ಶಿಳ್ಳೆ ಏರಿತು. ಏರುತ್ತಲೇ ಹೋಯಿತು.

“ಭಾಗೋ!” ಲಾಲ್ ಬಾಷಾ ಕೂಗಿದ. “ಓಡ್ರೀ, ಹೊರಗೆ ಓಡ್ರೀ!”

ಕೊಳವೆ ಒಡೆಯಿತು. ಬಿಳಿ ಹಬೆ ನುಗ್ಗಿತು. ಬಲ್ಬು ಸಿಡಿಯಿತು. ಕತ್ತಲು. ಗೂಡಿನ ತಟ್ಟೆಗಳಿದ್ದ ಕಬ್ಬಿಣದ ಸ್ಟ್ಯಾಂಡು ವಾಲಿತು. ಕೆಂಪರಾಜು ಎದ್ದ. ಜಾರಿದ. ಸ್ಟ್ಯಾಂಡು ಅವನ ಸೊಂಟದ ಮೇಲೆ ಬಿತ್ತು. ಮೇಲಿನಿಂದ ತಗಡು ಕಳಚಿತು. ಕಾಲುಗಳಿಗೆ ಕುದಿನೀರು. ಅವನು ಅರಚಿದ. ಅರಚಿದ್ದು ಅವನಿಗೇ ಕೇಳಿಸಲಿಲ್ಲ.

ಎಷ್ಟು ಹೊತ್ತಾಯಿತೋ ತಿಳಿಯದು. ಹೊರಗೆ ಗಂಟೆಯ ಸದ್ದು. ಅಗ್ನಿಶಾಮಕದವರು. ಕಳಚಿದ ತಗಡಿನ ಸಂದಿಯಿಂದ ಒಂದು ಗೇಣು ಬೆಳಕು. ಆ ಬೆಳಕಿನಲ್ಲಿ ಬೂಟುಗಳು, ಅವುಗಳ ಪಕ್ಕದಲ್ಲಿ ಲುಬ್ನಾ.

“ಒಳಗೆ ಯಾರಾದ್ರೂ ಉಳಿದಿದ್ದಾರೇನಮ್ಮ?” ಬೂಟಿನವರು ಕೇಳಿದರು. “ಒಟ್ಟು ಎಷ್ಟು ಜನ ಇದ್ರಿ?”

ಕೆಂಪರಾಜುವಿನ ಕೈಗೆ ಒಂದು ತಟ್ಟೆ ಸಿಕ್ಕಿತು. ಅದರಿಂದ ಸ್ಟ್ಯಾಂಡನ್ನು ಬಡಿದ. ಬಡಿದ. ಬಡಿದ. ದುಂ, ದುಂ, ದುಂ, ದುಂ. ಕೈ ತಾನಾಗಿಯೇ ಒಂದು ಲಯಕ್ಕೆ ಬಿತ್ತು. ಆ ಲಯ ಅವನಿಗೆ ಗೊತ್ತಿತ್ತು. ಮೂರು ದಿನದ ಹಿಂದೆ ಅವನೇ ಅಳಿಸಿದ್ದು.

“ತಡಿಯಮ್ಮ. ಅದೇನು ಸದ್ದು?”

ಲುಬ್ನಾ ಬಗ್ಗಿದಳು. ತಗಡಿನ ಸಂದಿಯಿಂದ ನೇರವಾಗಿ ಅವನ ಕಣ್ಣನ್ನೇ ನೋಡಿದಳು. ಅವಳಿಗೆ ಅವನು ಕಾಣುತ್ತಿದ್ದ. ಅವನ ಕೈ, ಸುಟ್ಟ ಮುಖ, ಬೇಡುವ ಬಾಯಿ, ಎಲ್ಲವೂ ಕಾಣುತ್ತಿತ್ತು. ಅವಳು ಎದ್ದು ನಿಂತಳು.

“ಪಂಪು ಸಾರ್,” ಎಂದಳು. “ಪಕ್ಕದೋರ ಬೋರ್‌ವೆಲ್ ಪಂಪು. ನಾವು ಇದ್ದಿದ್ದು ಮೂರೇ ಜನ.”

ಲಾಲ್ ಬಾಷಾ ಹೌದೆಂದು ತಲೆಯಾಡಿಸಿದ. ಬೂಟಿನವರು ಒಬ್ಬೊಬ್ಬರ ಮೇಲೂ ಬೆರಳಿಟ್ಟು ಮೂವರನ್ನು ಎಣಿಸಿಕೊಂಡು, ನೀರಿನ ಪೈಪು ಸುತ್ತತೊಡಗಿದರು.