ಕಪ್ಪತಗುಡ್ಡದ ಇಪ್ಪತ್ತು ಚೀಟಿಗಳು

"ನನ್ನ ಗಂಡನ ಕೈಬರಹ ಕದ್ದಾರ, ಕಾಕಾ" ಎಂದು ಸುಶ್ಮಿತಾ ಟೀಚರು ಬಟ್ಟೆಯ ಚೀಲವೊಂದನ್ನು ಮೇಜಿನ ಮೇಲಿಟ್ಟಳು. ಅಯ್ಯೂಬ ಕೈಯಲ್ಲಿದ್ದ ಗಡಿಯಾರ ಕೆಳಗಿಟ್ಟ. ಮುಂಡರಗಿ ಬಸ್ ನಿಲ್ದಾಣದ ಎದುರಿನ ಅವನ ರಿಪೇರಿ ಅಂಗಡಿಯೇ ಶಿವಯೋಗಿ ಕಾಕಾನ ಕಚೇರಿ. ಭೂಮಾಪನದ ನೌಕರಿ ಮುಗಿದ ಮೇಲೆ ಮುದುಕ ದಿನವಿಡೀ ಅಲ್ಲೇ ಕೂತು ಊರಿನವರ ಗೋಜಲು ಬಿಡಿಸುತ್ತಿದ್ದ. ಚಹಾ ಮಾತ್ರ ಅಯ್ಯೂಬನೇ ತರಿಸಬೇಕು.

ಅವಳ ಗಂಡ, ಗಣಿತದ ಮಾಸ್ತರ ಅಂಬರೀಶ ತೀರಿಕೊಂಡು ವರ್ಷವಾಗಿತ್ತು. ಇಳಿಜಾರಿನ ಪಾಠಕ್ಕೆಂದು ಅವನೊಂದು ಒಗಟಿನ ಆಟ ಮಾಡಿದ್ದ. ಇಪ್ಪತ್ತು ಚೌಕಳಿ ಚೀಟಿ, ಒಂದೊಂದರಲ್ಲಿ ಒಂದು ಗೆರೆ, ಕೆಳಗೆ ನೀಲಿ ಶಾಯಿಯಲ್ಲಿ ಅವನೇ ಬರೆದ ಸುಳಿವು. ಎಷ್ಟು ಮನೆ ಬಲಕ್ಕೆ ಸರಿದರೆ ಗೆರೆ ಎಷ್ಟು ಮನೆ ಏರುತ್ತದೆ ಅಥವಾ ಇಳಿಯುತ್ತದೆ ಎಂದು ಎಣಿಸಿ ಜೋಡಿಸಿದರೆ ಕಪ್ಪತಗುಡ್ಡದ ಚಿತ್ರ ಮೂಡಬೇಕು. ಈಗ ಅದೇ ಚೀಟಿಗಳಿಂದ ಹೆಂಡತಿ ಕಲಿಸುತ್ತಿದ್ದಳು.

"ನಿನ್ನೆ ಗುಡ್ಡ ಬರಲೇ ಇಲ್ರಿ. ಏರೋ ಗೆರಿ ಇಳಿದಾವ, ಇಳಿಯೋವು ಏರ್ಯಾವ. ನೋಡಿದ್ರ ಚೀಟಿನ ಬ್ಯಾರೆ, ಅವರ ಅಕ್ಷರ ಒಂದೂ ಇಲ್ಲ. ಇದು ನಮ್ಮ ಸಾಲಿ ಇನ್ನೊಬ್ಬ ಗಣಿತದ ಮಾಸ್ತರ ನಂದೀಶ ಸರ್ ಕೆಲಸ. ಆಟ ಆಡಿಸಿ ಮಕ್ಕಳನ್ನ ಕೆಡಸ್ತೀರಿ ಅಂತ ಜಗಳಾಡಿದ್ರು. ಚೀಟಿ ಇಡೋ ಸಾಲಿ ಕಪಾಟಿನ ಕೀಲಿ ಅವರ ಕಡೀನೂ ಐತಿ. ದೂರು ಬರದೀನಿ, ನಾಳೆ ಕೊಡ್ತೀನಿ. ಆದ್ರ ನನಗ ಆ ಚೀಟಿ ಬೇಕು ಕಾಕಾ. ಅವರ ಕೈಯಿಂದ ಬರೆದದ್ದು ಮತ್ತೇನೂ ಉಳಿದಿಲ್ಲ."

ಕಾಕಾ ಚೀಟಿಗಳನ್ನು ಒಂದೊಂದಾಗಿ ನೋಡಿದ. ಗೆರೆ ದಾಟಿದ ಪ್ರತಿ ಮನೆಯಲ್ಲೂ ಪೆನ್ಸಿಲಿನ ಸಣ್ಣ ಚುಕ್ಕಿಯಿತ್ತು. ಚೀಲ ಮೂಸಿದ, ಸಾಬೂನಿನ ವಾಸನೆ. ಒಳಗೆ ಮಾಸಲು ನೀಲಿ ಕಲೆ.

"ಕಪಾಟಿಗೆ ಹೋಗೋ ಮೊದ್ಲ ಇದು ಎಲ್ಲಿತ್ತವ್ವಾ?"

"ಮನ್ಯಾಗ, ಗೂಟಕ್ಕ. ಅವರ ವರ್ಷದ ಕಾರ್ಯಕ್ಕ ನಾಲ್ಕು ದಿನ ರಜಾ ಹಾಕಿದ್ದೆ. ಸೋಮವಾರ ಹಂಗ ಒಯ್ದು ಇಟ್ಟೆ, ತೆಗೆದು ನೋಡಲಿಲ್ಲ."

"ಮನ್ಯಾಗ ಯಾರ್‍ಯಾರು?"

"ನಾನು, ನಮ್ಮತ್ತಿ ರತ್ನವ್ವ. ಬೆಟಗೇರಿ ನೇಕಾರರ ಮನಿಯವರು, ಸೀರಿ ನಕ್ಷಿ ಬರೀತಿದ್ರು. ಮಗ ಹೋದಾಗ ಒಂದು ಹನಿ ಅಳಲಿಲ್ಲ. ಈಗಂತೂ ಊಟಾನೂ ಸೇರವಲ್ದು."

ಅಯ್ಯೂಬನಿಗಂತೂ ನಂದೀಶನೇ ಕಳ್ಳ ಎಂಬುದರಲ್ಲಿ ಅನುಮಾನವಿರಲಿಲ್ಲ. ರಿಪೇರಿಯಾದ ಗಡಿಯಾರವನ್ನು ಒಮ್ಮೆಯೂ ಚೆನ್ನಾಗಿದೆ ಎಂದವನಲ್ಲ ಆ ಮನುಷ್ಯ.

ಸಂಜೆ ಎಲ್ಲರೂ ಸುಶ್ಮಿತಾಳ ಪಡಸಾಲೆಯಲ್ಲಿ ಸೇರಿದರು. ನಂದೀಶ ಮುಖ ಗಂಟು ಹಾಕಿಕೊಂಡು ಕಿಟಕಿಯ ಬಳಿ ನಿಂತ. ರತ್ನವ್ವ ಗೋಡೆಗೊರಗಿ ಕೂತಿದ್ದಳು.

"ಆಟ ಕೆಡಿಸೋರು ಚೀಟಿ ಹರಿದು ಒಗೀತಿದ್ರು" ಎಂದ ಕಾಕಾ. "ಇಪ್ಪತ್ತೂ ಹೊಸದಾಗಿ ಬರೆದವರಿಗೆ ಆಟ ಉಳೀಲಿ ಅನ್ನೋ ಆಸೆ ಇತ್ತು. ಅದಕ್ಕ ನಂದೀಶ ಸರ್ ಅಲ್ಲ. ಮತ್ತ, ಗಣಿತದವರು ಎರಡು ಚುಕ್ಕಿ ಇಟ್ಟು ಪಟ್ಟಿ ಹಿಡಿದು ಗೆರಿ ಎಳೀತಾರ. ಇಲ್ಲಿ ಮನಿಮನಿಗೂ ಚುಕ್ಕಿ ಐತಿ, ನೇಕಾರರು ಎಳಿ ಎಣಿಸಿದಂಗ. ಚೀಲ ಒಗದಾರ, ಒಳಗ ಶಾಯಿ ಹರದೈತಿ. ಕಾರ್ಯಕ್ಕ ಮೊದ್ಲ ಮನಿಯಾಗಿನ ಅರಿವಿ ಎಲ್ಲಾ ಒಗೀತೀವಿ, ಹೌದಿಲ್ಲೋ? ಇನ್ನ ಉಲ್ಟಾ ಗೆರಿ ಉಳೀತು. ರತ್ನವ್ವಾ, ನಿಮ್ಮ ಮಗ್ಗದಾಗ ಸೀರಿ ಮುಖ ಯಾವ ಕಡೆ ಇರ್ತಿತ್ತು?"

"ಕೆಳಗ್ರಿ" ಎಂದಳು ರತ್ನವ್ವ. "ಹಿಂದಿನ ಮಗ್ಗಲ ಮ್ಯಾಲೆ ಬರ್ತಿತ್ತು. ಅದಕ್ಕ ನಕ್ಷಿ ಎಡಬಲ ತಿರುವಿ ಬರೀತಿದ್ವಿ. ನಲವತ್ತು ವರ್ಷದ ರೂಢಿ, ಕೈ ತಾನ ತಿರುವಿತು."

ಎದ್ದು ಹೋಗಿ ಟ್ರಂಕಿನಿಂದ ಸಣ್ಣ ಗಂಟೊಂದನ್ನು ತಂದಳು. ಒಳಗೆ ಒಣಗಿ ಮುರುಟಿದ ಇಪ್ಪತ್ತು ಕಾಗದ. ಗೆರೆಗಳ ನೆರಳಷ್ಟೇ ಉಳಿದಿತ್ತು, ಅಕ್ಷರವೆಲ್ಲ ನೀಲಿ ನೀರಾಗಿತ್ತು.

"ಚೀಲ ಖಾಲಿ ಐತಿ ಅಂತ ನೆನಿಹಾಕಿದೆ. ನನ್ನ ಮಗನ ಅಕ್ಷರ ನನ್ನ ಕೈಯಾರೆ ಒಗದೆ. ಉಳಿದ ಗೆರಿ ನೋಡಿ ಹೊಸಾವು ಬರೆದಿಟ್ಟೆ. ನಿನಗ ಹೇಳಾಕ ಬಾಯಿ ಬರಲಿಲ್ಲವ್ವಾ."

ಅಯ್ಯೂಬನಿಗೆ ಕಣ್ಣು ತುಂಬಿ ಬಂತು. ನಂದೀಶ ಹೊಸ ಚೀಟಿಯೊಂದನ್ನು ತಿರುವಿ ಕಿಟಕಿಯ ಬೆಳಕಿಗೆ ಹಿಡಿದ.

"ಟೀಚರ, ಹಿಂದಿನಿಂದ ನೋಡ್ರಿ. ಇಳಿಜಾರು ಬರೋಬ್ಬರಿ ಐತಿ. ಅಂಬರೀಶ ಸರ್ ಗುಡ್ಡ ಎಲ್ಲೂ ಹೋಗಿಲ್ಲ."

ಸುಶ್ಮಿತಾ ದೂರಿನ ಕಾಗದ ಹರಿದು ಅತ್ತೆಯ ಪಕ್ಕ ಕೂತಳು. ಆ ಮುದಿ ಬೆರಳುಗಳಲ್ಲಿ ಪೆನ್ಸಿಲಿನ ಕಪ್ಪು ಇನ್ನೂ ಹೋಗಿರಲಿಲ್ಲ.

"ಅತ್ತಿ, ನಾಳೆ ಸಾಲಿಗೆ ಬರ್‍ರಿ. ಹೆಂಗ ತಿರುವಿ ನೋಡಬೇಕಂತ ಮಕ್ಕಳಿಗೆ ನೀವ ಹೇಳಿಕೊಡ್ರಿ."

ರತ್ನವ್ವ ಗಂಟನ್ನು ಸೊಸೆಯ ಮಡಿಲಲ್ಲಿಟ್ಟು, ಮಗ ಹೋಗಿ ವರ್ಷವಾದ ಮೇಲೆ, ಮೊದಲ ಸಲ ಅತ್ತಳು.