ಅಮಾವಾಸ್ಯೆಗೊಮ್ಮೆ ಸಾಯುವ ಅಂಗಡಿ

"ರೋಹಿಣಿ, ನನ್ನ ಅಂಗಡಿ ಮತ್ತ ಸತ್ತೈತಿ ನೋಡವಾ."

ಬೆಳಗಿನ ಚಹಾ ಇನ್ನೂ ಕೈಯಲ್ಲೇ ಇತ್ತು. ಫೋನಿನಲ್ಲಿ ಮಲ್ಲವ್ವಕ್ಕ. ಬೆಟಗೇರಿಯ ಅವರ ಓಣಿಯಲ್ಲಿ ಇನ್ನೂ ಕೈಮಗ್ಗ ನೇಯುವವಳು ಅವಳೊಬ್ಬಳೇ. ಮನೆಯ ಮುಂಗೋಣೆಯೇ ಅಂಗಡಿ. ತಾನೇ ನೇಯುತ್ತಾಳೆ, ತಾನೇ ಮಾರುತ್ತಾಳೆ.

ಮ್ಯಾಪ್ ತೆಗೆದು ನೋಡಿದೆ. ಅವಳ ಅಂಗಡಿಯ ಹೆಸರಿನ ಕೆಳಗೆ ಕೆಂಪು ಅಕ್ಷರ: 'ಶಾಶ್ವತವಾಗಿ ಮುಚ್ಚಲಾಗಿದೆ.'

ಸತತ ಮೂರನೇ ತಿಂಗಳು. ನಾನು ಸರಿ ಮಾಡುತ್ತೇನೆ, ಯಾರೋ ಮತ್ತೆ ಮುಚ್ಚುತ್ತಾರೆ. ಎಂಥ ಹಲ್ಕಟ್ ಕೆಲಸ! ಸಿಟ್ಟು ನೆತ್ತಿಗೇರಿತು. ಚಹಾ ಚೆಲ್ಲಿ ಸ್ಕೂಟರ್ ಹತ್ತಿದೆ.

ನನ್ನ ಕಸುಬು ಹೇಳಿಬಿಡುತ್ತೇನೆ. ಮೊದಲು ಗದಗಿನ ಒಂದು ಸಣ್ಣ ಪತ್ರಿಕೆಯಲ್ಲಿ ವರದಿಗಾರ್ತಿಯಾಗಿದ್ದೆ. ಪತ್ರಿಕೆ ನಿಂತಿತು. ಈಗ ಅಂಗಡಿಗಳ ಆನ್‌ಲೈನ್ ವಿಳಾಸ ರಿಪೇರಿ ಮಾಡುತ್ತೇನೆ. ಮ್ಯಾಪ್‌ನಲ್ಲಿ ಕೆಲವರ ಗುರುತು ಪಕ್ಕದ ಓಣಿಗೆ ಬಿದ್ದಿರುತ್ತದೆ. ಕೆಲವರ ಫೋನ್ ನಂಬರ್ ಹಳೆಯದು. ಶಿರಹಟ್ಟಿಯ ಒಂದು ಗಿರಣಿ ಎರಡು ಹೆಸರಿನಲ್ಲಿ ಎರಡು ಕಡೆ ಕಾಣಿಸುತ್ತಿತ್ತು, ಮುಂಡರಗಿಯ ಒಬ್ಬ ಟೇಲರ್‌ನ ಅಂಗಡಿ ಕೆರೆಯ ನಡುವೆ ಇತ್ತು. ಹೀಗಾಗಿ ದಿನವಿಡೀ ನನ್ನ ಫೋನ್ ಬಡಿದುಕೊಳ್ಳುತ್ತದೆ. ಎಲ್ಲ ಅಂಗಡಿಯದೇ ಮಾತು. "ಊಟ ಆತೇನವಾ?" ಎಂದು ಕೇಳಲು ಮಾತ್ರ ಯಾರೂ ಮಾಡುವುದಿಲ್ಲ. ಸಂಜೆಯಾದರೆ ಹೊಟ್ಟೆಯೊಳಗೆ ಏನೋ ಖಾಲಿ ಖಾಲಿ. ಇರಲಿ ಬಿಡಿ, ಕಥೆ ನನ್ನದಲ್ಲ.

*

ಓಣಿ ತಣ್ಣಗಿತ್ತು. ಮಲ್ಲವ್ವಕ್ಕನ ಎದುರು ಮನೆಯ ಕಟ್ಟೆಯ ಮೇಲೆ ಎಂದಿನಂತೆ ಕಲ್ಲಣ್ಣ ಕಾಕಾ ಕೂತಿದ್ದ. ಹಳೆಯ ನೇಕಾರ. ಹೆಂಡತಿ ಹೋದ ಮೇಲೆ ತನ್ನ ಮಗ್ಗ ಬಿಚ್ಚಿ ಮಾರಿದ್ದ. ಪಕ್ಕದಲ್ಲಿ ನೂಲು ಸುತ್ತುವ ರಾಟೆ ಮಾತ್ರ ಉಳಿದಿತ್ತು.

"ಚಾ ಕುಡದು ಹೋಗವಾ ರೋಹಿಣಿ."

"ಆಮ್ಯಾಲೆ ಕಾಕಾ, ಗಡಿಬಿಡಿ ಐತಿ."

ಪ್ರತಿ ಸಲ ಅವನು ಕರೆಯುತ್ತಾನೆ, ಪ್ರತಿ ಸಲ ನಾನು ಇದೇ ಉತ್ತರ ಕೊಡುತ್ತೇನೆ.

ಒಳಗೆ ಮಲ್ಲವ್ವಕ್ಕ ಮಗ್ಗದ ಕೆಳಗಿನ ಕುಣಿಯಲ್ಲಿ ಕಾಲು ಇಳಿಬಿಟ್ಟು ಸುಮ್ಮನೆ ಕೂತಿದ್ದಳು. ಅಡ್ಡನೂಲು ಒಯ್ಯುವ ಲಾಳಿ ಆಡುತ್ತಿರಲಿಲ್ಲ.

"ಹುಬ್ಬಳ್ಳಿಯಿಂದ ಮದವಿ ಸೀರಿಗೆ ಬರೋರಿದ್ರು. 'ನೀವು ಅಂಗಡಿ ಮುಚ್ಚೀರಂತಲ್ಲ, ನಾವು ಇಳಕಲ್ಲಿಗೆ ಹೊಂಟೇವಿ' ಅಂದ್ರು. ಸಾಕಾತು ನನಗ. ಗುರುವಾರ ಮಗ್ಗ ಒಯ್ಯಾಕ ಬರ್ತಾರ."

"ಯಾರಿಗೆ ಕೊಟ್ಟಿ ಅಕ್ಕಾ?"

"ಕಟಗಿ ಅಡ್ಡೇದವರಿಗೆ, ಕಟಗಿ ಲೆಕ್ಕದಾಗ ಕೊಟ್ಟೇನಿ. ಸೋಮವಾರದಿಂದ ಸುನಿಲಕುಮಾರನ ಶೋರೂಮಿನ್ಯಾಗ ಸೀರಿ ಮಡಚೂದು."

ಸೀರೆ ನೇಯುವ ಕೈ ಬೇರೆಯವರ ಸೀರೆ ಮಡಚುತ್ತಾ ನಿಲ್ಲಬೇಕೇ? ನನಗಿದ್ದ ಗಡುವು ಗುರುವಾರದವರೆಗೆ.

*

ಹೋದ ಸಲ ನನಗೆ ಒಂದು ಸುಲಭ ಉತ್ತರ ಹೊಳೆದಿತ್ತು. ಅಂಗಡಿ ಸಾಯುತ್ತಿದ್ದುದು ಯಾವಾಗಲೂ ಅಮಾವಾಸ್ಯೆಯಂದು. ಅಮಾವಾಸ್ಯೆಗೆ ಇಲ್ಲಿ ಯಾರೂ ಮಗ್ಗ ಮುಟ್ಟುವುದಿಲ್ಲ. ಮಲ್ಲವ್ವಕ್ಕ ಬೀಗ ಹಾಕಿ ಮುಳಗುಂದದ ತಂಗಿಯ ಮನೆಗೆ ಹೋಗುತ್ತಾಳೆ. ಆದರೆ ಮ್ಯಾಪ್‌ಗೆ ಸೋಮವಾರ, ಮಂಗಳವಾರ ಗೊತ್ತು, ತಿಥಿ ಗೊತ್ತಿಲ್ಲ. 'ತೆರೆದಿದೆ' ಎನ್ನುವುದನ್ನು ನಂಬಿ ಬಂದ ಪರವೂರಿನವರು ಬೀಗ ನೋಡಿ 'ಮುಚ್ಚಿದೆ' ಎಂದು ಬರೆದಿರಬೇಕು ಎಂದುಕೊಂಡೆ. ಪಂಚಾಂಗ ಹಿಡಿದು ವರ್ಷದ ಅಮಾವಾಸ್ಯೆಗಳನ್ನೆಲ್ಲ ರಜೆ ಎಂದು ತುಂಬಿಸಿದೆ. ನನ್ನ ಬುದ್ಧಿಗೆ ನಾನೇ ಭೇಷ್ ಎಂದಿದ್ದೆ.

ನಿನ್ನೆ ಅಮಾವಾಸ್ಯೆ. ಮ್ಯಾಪ್‌ನಲ್ಲಿ 'ಇಂದು ರಜೆ' ಎಂದು ಸ್ಪಷ್ಟವಾಗಿತ್ತು. ಆದರೂ ಮುಚ್ಚಿತು. ಅಂದರೆ ಇದು ತಪ್ಪು ತಿಳಿವಳಿಕೆಯಲ್ಲ. ಬೇಕೆಂದೇ ಮಾಡಿದ್ದು.

ಯಾರಿಗೆ ಲಾಭ? ನೇರವಾಗಿ ಸುನಿಲಕುಮಾರನ ಶೋರೂಮಿಗೆ ನುಗ್ಗಿದೆ.

"ಮಲ್ಲವ್ವಕ್ಕನ ಅಂಗಡಿ ಮುಚ್ಚಿಸಿ ಆಕಿನ್ನ ಕೆಲಸಕ್ಕ ಇಟಗೊಳ್ಳಾಕ ಹೊಂಟೀರೇನ್ರಿ?"

ಅವನು ಸಿಟ್ಟಾಗಲಿಲ್ಲ. ಗಾಜಿನ ಕಪಾಟಿನಿಂದ ಒಂದು ಸೀರೆ ತೆಗೆದು ಹರಡಿದ. ಅಂಚು ನೋಡಿದ ಕೂಡಲೇ ಗೊತ್ತಾಯಿತು, ಅದು ಮಲ್ಲವ್ವಕ್ಕನ ಕೈ.

"ಆಕಿ ಸೀರಿ ಇಲ್ಲೂ ಮಾರ್ತೇನ್ರಿ ಮೇಡಂ. ಮಗ್ಗ ನಿಂತ್ರ ಇಂಥಾ ಮಾಲು ಎಲ್ಲಿಂದ ತರಲಿ? ಕೆಲಸಾ ಬೇಕಂತ ಆಕೀನs ಬಂದು ಕೇಳಿದ್ಲು. ಇಲ್ಲ ಅನ್ನಾಕ ಬಾಯಿ ಬರಲಿಲ್ಲ."

ನನ್ನ ಮುಖ ಸಣ್ಣದಾಯಿತು. ಚಪ್ಪಲಿ ಮೆಟ್ಟಿ ಹೊರಬಿದ್ದೆ.

*

ಅಂಗಡಿ ಮುಚ್ಚಿಸಿದವರು ಯಾರೆಂದು ಮ್ಯಾಪ್ ಹೇಳುವುದಿಲ್ಲ. ಆದರೆ ಫೋಟೋ ಹಾಕಿದವರ ಹೆಸರು ತೋರಿಸುತ್ತದೆ. ನಿನ್ನೆಯ ತಾರೀಖಿನ ಹೊಸ ಫೋಟೋ ಒಂದಿತ್ತು. ಬೀಗ ಹಾಕಿದ ಮಲ್ಲವ್ವಕ್ಕನ ಬಾಗಿಲು. ಎಡಗಡೆ ಅಂಚಿನಲ್ಲಿ ಮಸುಕು ಮಸುಕಾಗಿ ಯಾವುದೋ ಗಾಲಿಯ ತುದಿ. ಸೈಕಲ್ ಇರಬೇಕು ಅನ್ನಿಸಿತು. ಹಾಕಿದವನ ಹೆಸರು ಅಶ್ಫಾಕ.

ಅದೇ ಹೆಸರಿನಲ್ಲಿ, ಮ್ಯಾಪ್ ಕೇಳುವ ಪ್ರಶ್ನೆಗಳಿಗೆ ನೂರಾರು ಉತ್ತರಗಳಿದ್ದವು. ಈ ಔಷಧಿ ಅಂಗಡಿಗೆ ಮೆಟ್ಟಿಲು ಇವೆಯೇ? ಇವೆ. ಆ ಹೋಟೆಲಿನಲ್ಲಿ ಕೂರಲು ಜಾಗ ಇದೆಯೇ? ಇದೆ. ಫೋನ್ ಕೇಳಿದ ಯಾವ ಪ್ರಶ್ನೆಯನ್ನೂ ಈ ಆಸಾಮಿ ಬಿಟ್ಟಿರಲಿಲ್ಲ. ಇಷ್ಟು ಉತ್ತರ ಕೊಟ್ಟವನ ಮಾತನ್ನು ಮ್ಯಾಪ್ ಬೇಗ ನಂಬುತ್ತದೆ. ಇವನೊಬ್ಬ 'ಮುಚ್ಚಿದೆ' ಎಂದರೆ ಸಾಕು.

ಫೋಟೋಗಳಲ್ಲಿ ಒಂದರಲ್ಲಿ ಆಟೋ ಇತ್ತು, ನಂಬರ್ ಸಮೇತ. ಬಸ್ ಸ್ಟ್ಯಾಂಡಿನ ಹತ್ತಿರ ಅದರ ಚಾಲಕ ಅಶ್ಫಾಕ ಸಿಕ್ಕೇಬಿಟ್ಟ.

"ಈ ಫೋಟೋ ನಾ ತಗದಿಲ್ಲ ಮೇಡಂ, ಖುದಾ ಕಸಮ್. ಆಟೋದ್ದು ನಂದು ಖರೆ. ಆ ಫೋನ್ ನಂದೀಶನ ಅಂಗಡ್ಯಾಗ ಮಾರಿ ಎಷ್ಟೋ ದಿನಾ ಆತು."

ನಂದೀಶ ಬೆಟಗೇರಿಯಲ್ಲಿ ಹಳೆಯ ಫೋನ್ ಮಾರುವವನು. ಕೇಳಿದರೆ ತಲೆ ಕೆರೆದುಕೊಂಡ.

"ಅದರಾಗಿನ ಅಶ್ಫಾಕನ ಖಾತೆ ಅಳಸದs ಮಾರಿಬಿಟ್ಟೇನ್ರಿ. ಯಾರು ಒಯ್ದ್ರೋ ನೆನಪಿಲ್ಲ. ಅಂಥಾ ಹಳೇ ಫೋನು ಹುಡುಗ್ರು ಮುಟ್ಟೂದಿಲ್ಲ, ಹಿರೇರs ಒಯ್ತಾರ."

ಅವನಂಗಡಿಯ ಮೆಟ್ಟಿಲ ಮೇಲೆ ಕೂತು ಮತ್ತೆ ಉತ್ತರಗಳನ್ನೆಲ್ಲ ತಿರುವಿದೆ. ಆಟೋದವನ ಹಳೆಯ ಉತ್ತರಗಳು ಗದಗಿನ ತುಂಬ ಹರಡಿದ್ದವು. ಫೋನ್ ಮಾರಿದ ನಂತರದವು ಮಲ್ಲವ್ವಕ್ಕನ ಓಣಿಯ ಸುತ್ತಮುತ್ತ. ನಡೆದು ಹೋಗಿ ಬರುವಷ್ಟು ದೂರ, ಅಷ್ಟೇ. ಹಬ್ಬದ ದಿನವೂ ಉತ್ತರ, ಭಾನುವಾರವೂ ಉತ್ತರ. ಈ ಮನುಷ್ಯ ಎಲ್ಲಿಗೂ ಹೋಗುವುದಿಲ್ಲ, ಯಾರೂ ಇವನನ್ನು ಕರೆಯುವುದಿಲ್ಲ. ಓದುತ್ತಾ ಓದುತ್ತಾ ನನಗೆ ಕಸಿವಿಸಿಯಾಯಿತು. ನನ್ನ ಭಾನುವಾರಗಳೂ ಹೀಗೇ ಇರುತ್ತವೆ.

*

ಮಧ್ಯಾಹ್ನ ಮಲ್ಲವ್ವಕ್ಕನ ಓಣಿಗೆ ಮರಳಿದೆ.

"ಚಾ ಕುಡಿಯವಾ," ಎಂದ ಕಲ್ಲಣ್ಣ ಕಾಕಾ.

ಕಾಲು ಸೋತಿದ್ದವು. ಮೊದಲ ಬಾರಿಗೆ ಕಟ್ಟೆಯ ಮೇಲೆ ಕೂತೆ. ಮುದುಕನ ಮುಖ ಅರಳಿದ್ದು ನೋಡಬೇಕಿತ್ತು! ಓಡೋಡಿ ಒಳಗೆ ಹೋಗಿ ಚಹಾ ತಂದ. ಲೋಟ ತೆಗೆದುಕೊಂಡು ಎದುರಿಗೆ ನೋಡಿದೆ.

ಮಲ್ಲವ್ವಕ್ಕನ ಬಾಗಿಲು. ಎಡಗಡೆ ಗಾಲಿಯ ತುದಿ.

ಸೈಕಲ್ ಅಲ್ಲ, ರಾಟೆ.

ಫೋನಿನ ಫೋಟೋ ತೆಗೆದು ಹಿಡಿದು ನೋಡಿದೆ. ಅದೇ ಎತ್ತರ, ಅದೇ ಓರೆ. ಈ ಕಟ್ಟೆಯ ಮೇಲೆ ಕೂತವನು ಮಾತ್ರ ತೆಗೆಯಬಹುದಾದ ಫೋಟೋ.

"ಕಾಕಾ, ನಿನ್ನೆ ಅಮಾಸಿ. ಈ ಓಣ್ಯಾಗ ಅಮಾಸಿಗೆ ಯಾರೂ ರಾಟಿ ಹೊರಗ ಇಡೂದಿಲ್ಲ, ಹೌದಿಲ್ಲೋ?"

"ಹೌದವಾ."

"ನಿಮ್ಮ ರಾಟಿ ಯಾಕ ಹೊರಗಿತ್ರಿ?"

ಅವನು ನನ್ನ ಫೋನ್ ನೋಡಿದ. ಆಮೇಲೆ ತನ್ನ ಅಂಗಿಯ ಜೇಬು ಮುಟ್ಟಿಕೊಂಡ. ಸುಳ್ಳು ಹೇಳುವ ಮನುಷ್ಯನೇ ಅಲ್ಲ, ಪಾಪ.

"ಅಮಾಸಿ ನಿಮಗವಾ. ನನಗ ದಿನಾ ಅಮಾಸಿ. ಒಳಗಿಡೂದು ಮರತs ಹೋಗಿತ್ತು."

ನಮ್ಮ ದನಿ ಕೇಳಿ ಮಲ್ಲವ್ವಕ್ಕ ಹೊಸ್ತಿಲಿಗೆ ಬಂದಳು. "ಏನಾತs ರೋಹಿಣಿ?"

ನಾನು ಹೇಳಿದೆ. ಗಾಲಿ, ಹಳೆಯ ಫೋನು, ಓಣಿ ದಾಟದ ಉತ್ತರಗಳು, ಎಲ್ಲ. ಹೇಳುವಾಗ ಸಂತೋಷವೇನೂ ಆಗಲಿಲ್ಲ. ಮಲ್ಲವ್ವಕ್ಕ ಓಣಿ ದಾಟಿ ಬಂದು ಕಟ್ಟೆಯ ಮುಂದೆ ನಿಂತಳು.

"ಖರೆ ಏನೋ ಕಲ್ಲಣ್ಣಾ? ನನ್ನ ಅನ್ನಕ್ಕ ಮಣ್ಣ ಹಾಕಿದಿ?"

"ಮದಲs ಸಲ ಬೇಕಂತ ಮಾಡಿದ್ದಲ್ಲವಾ," ಎಂದ ಕಲ್ಲಣ್ಣ ಕಾಕಾ, ನೆಲ ನೋಡುತ್ತಾ. "ಅವತ್ತು ಅಮಾಸಿ. ನೀ ಮುಳಗುಂದಕ್ಕ ಹೋಗಿದ್ದಿ. ಇಡೀ ದಿನಾ ನನ್ನ ಮಾತಾಡಿಸಿದ್ದು ಈ ಫೋನ್ ಒಂದs. 'ಎದುರಿನ ಅಂಗಡಿ ತೆರೆದಿದೆಯೇ?' ಅಂತ ಕೇಳ್ತು. ಬೀಗ ಐತಿ, ಇಲ್ಲ ಅಂದೆ. 'ಕಾಯಂ ಮುಚ್ಚೇತೇನು?' ಅಂತು. ಹೂಂ ಒತ್ತಿದೆ. ಮರುದಿನಾ ಗಿರಾಕಿ ಬರಲಿಲ್ಲ. ಸಂಜಿಗೆ ನೀ ಹೊರಗ ಬಂದು ಇಲ್ಲೆ ಕುಂತಿ. ಎಷ್ಟ ದಿನದ ಮ್ಯಾಲೆ ಕುಂತಿ ನೆನಪೈತೇನು?"

ಅವನು ರಾಟೆಯ ಮೇಲೆ ಕೈಯಿಟ್ಟ.

"ಮದಲ ನಿನ್ನ ಕಂಡಿಕಿ ಎಲ್ಲಾ ನಾನs ಸುತ್ತತಿದ್ದೆ. ಮ್ಯಾಪಿನ್ಯಾಗ ಬಂದ ಮ್ಯಾಲೆ ಮಂದಿ ಹೆಚ್ಚಾತು. ನೀ ಮೋಟಾರಿನ ಕಂಡಿಕಿ ತರಸಾಕ ಹತ್ತಿದಿ. ನನ್ನ ಕಡೆ ತಿರಗಿ ನೋಡಾಕ ವ್ಯಾಳ್ಯಾ ಇಲ್ಲ ನಿನಗ. ಮಂದಿ ಸ್ವಲ್ಪ ಕಡಿಮಿ ಆದ್ರ ಮತ್ತ ನನಗ ನೂಲ ಕೊಡ್ತಿ ಅಂತ ಮುಂದಿನ ಅಮಾಸಿಗೂ ಬೇಕಂತನs ಒತ್ತಿದೆ."

ಲಾಳಿಯಲ್ಲಿ ಹಾಕುವ ನೂಲಿನ ಸಣ್ಣ ಸುರುಳಿಯೇ ಕಂಡಿಕೆ. ಅದನ್ನು ಸುತ್ತುವ ಕೆಲಸ ಹೋದದ್ದಕ್ಕೆ ಈ ಮನುಷ್ಯ ಒಂದು ಅಂಗಡಿಯನ್ನೇ ಕೊಂದಿದ್ದ.

"ಕಾಕಾ," ನಾನೆಂದೆ, "ಗುರುವಾರ ಅಕ್ಕನ ಮಗ್ಗ ಒಯ್ಯಾಕ ಬರಾಕತ್ತಾರ."

ಅದು ಅವನಿಗೆ ಗೊತ್ತೇ ಇರಲಿಲ್ಲ.

"ಮಗ್ಗ? ಬ್ಯಾಡ ಮಲ್ಲವ್ವಾ. ಆ ಸಪ್ಪಳ ಕೇಳೇ ನಾ ದಿನಾ ಏಳೂದು. ಅದೂ ನಿಂತ್ರ ಈ ಓಣ್ಯಾಗ ನಾ ಹ್ಯಾಂಗ ಇರಲಿ?"

ಹೇಳಿ ಮಕ್ಕಳ ಹಾಗೆ ಅತ್ತುಬಿಟ್ಟ. ನನಗೂ ಕಣ್ಣು ತುಂಬಿದವು, ಚಹಾದ ಲೋಟ ನೋಡುತ್ತಾ ಕೂತೆ.

ಮಲ್ಲವ್ವಕ್ಕನ ಸಿಟ್ಟು ಇಳಿದಿರಲಿಲ್ಲ. ಆದರೆ ದನಿ ಇಳಿದಿತ್ತು.

"ಎದುರು ಮನ್ಯಾಗ ಇದ್ದೀಯಲ್ಲೋ. ಒಂದ ಸಲ ಒದರಿದ್ರ ನಾ ಬರತಿರಲಿಲ್ಲೇನು?"

ಅವನು ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡ.

*

ಆ ಸಂಜೆ ಅಂಗಡಿಯನ್ನು ಮತ್ತೆ ತೆರೆಸಲು ಅರ್ಜಿ ಹಾಕುತ್ತಾ ಮಲ್ಲವ್ವಕ್ಕನ ಮಗ್ಗದ ಪಕ್ಕ ಕೂತಿದ್ದೆ. ಮಗ್ಗ ಒಯ್ಯುವವರಿಗೆ ಬರಬೇಡಿರೆಂದು ಅವಳು ಆಗಲೇ ಹೇಳಿಯಾಗಿತ್ತು.

"ಅಕ್ಕಾ, ಇನ್ನೊಂದು ತೊಂದ್ರಿ ಐತಿ. ಮಂದಿ ಫೋನ್ ಮಾಡ್ತಾರ, ನೀ ಎತ್ತೂದಿಲ್ಲ."

"ಮಗ್ಗದ ಸಪ್ಪಳದಾಗ ಎಲ್ಲಿ ಕೇಳಬೇಕ?"

ಲಾಳಿ ಎರಡು ಸಲ ಅತ್ತಿತ್ತ ಓಡಿತು. ಆಮೇಲೆ ಅವಳೇ ಅಂದಳು:

"ಕಲ್ಲಣ್ಣನ ನಂಬರ್ ಹಾಕು. ಮುಚ್ಚೇತಿ ಅಂದಾವ ಇನ್ನ ದಿನಾ ತಗದೈತಿ ಅಂತ ಹೇಳಲಿ. ಅದs ಅವಗ ಶಿಕ್ಷಾ. ಮತ್ತ ಈ ನೂಲು ಅವನ ಕಟ್ಟಿ ಮ್ಯಾಲೆ ಇಟ್ಟ ಹೋಗು."

"ನೀನs ಕೊಡು."

"ನಾ ಇನ್ನೂ ಮಾತಾಡೂದಿಲ್ಲ ಅವನ ಕೂಡ," ಎಂದಳು ಮಲ್ಲವ್ವಕ್ಕ. ನೂಲಿನ ಲಡಿ ಮಾತ್ರ ಆಗಲೇ ನನ್ನ ಮಡಿಲಿಗೆ ಬಿದ್ದಿತ್ತು.

ವಾರ ಕಳೆದು ಕೆಂಪು ಅಕ್ಷರ ಹೋಯಿತು. ನಂಬರ್ ಸರಿ ಬಂದಿದೆಯೋ ಎಂದು ನೋಡುವುದು ನನ್ನ ಕೆಲಸ. ಸಂಜೆ ನನ್ನ ಕೋಣೆಯಲ್ಲಿ ದೀಪ ಹಾಕುವ ಹೊತ್ತಿಗೆ ಫೋನ್ ಮಾಡಿದೆ. ಆ ಕಡೆ ರಾಟೆ ತಿರುಗುವ ಸದ್ದು.

"ಅಂಗಡಿ ತಗದೈತೇನ್ರಿ?"

"ತಗದೈತ್ರಿ, ತಗದೈತಿ. ಬರ್ರಿ. ಚಾ ಕುಡಿಯಾಕ ಬರ್ರಿ."

ನಂಬರ್ ಸರಿಯಾಗಿತ್ತು. ಫೋನ್ ಇಟ್ಟುಬಿಡಬಹುದಿತ್ತು.

"ಕಾಕಾ, ನಾ ರೋಹಿಣಿ."

"ರೋಹಿಣಿ ಏನವಾ! ಊಟ ಆತೇನು?"

ಎದ್ದು ನಿಂತೆ.

"ಇಲ್ಲ ಕಾಕಾ," ಅಂದೆ. ಸ್ಕೂಟರಿನ ಕೀಲಿ ತೆಗೆದುಕೊಂಡೆ.